ಒಂದು ಹಾಡಿನ ಹಿಂದೆ ಮರೆಯಾದ ನಾಲ್ಕು ಆಲ್ಬಂ

1967ರ ನವೆಂಬರ್ 25ರ ವಾರ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ನೂರು ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ‘ಇನ್ಸೆನ್ಸ್ ಅಂಡ್ ಪೆಪ್ಪರ್‌ಮಿಂಟ್ಸ್’. ಊದುಬತ್ತಿ ಮತ್ತು ಪೆಪ್ಪರಮೆಂಟು ಎಂದು ಅದರ ಅರ್ಥ. ಅದಕ್ಕೂ ಮುಂಚೆ ಐದು ವಾರ ಆ ಜಾಗದಲ್ಲಿ ಲುಲು ಹಾಡಿದ ‘ಟು ಸರ್ ವಿತ್ ಲವ್’ ಇತ್ತು. ಮರುವಾರವೇ ಮಂಕೀಸ್ ತಂಡದ ‘ಡೇಡ್ರೀಮ್ ಬಿಲೀವರ್’ ಬಂದು ಕೂತಿತು. ನಡುವೆ ಸಿಕ್ಕ ಆ ಒಂದೇ ವಾರ ಸ್ಟ್ರಾಬೆರಿ ಅಲಾರ್ಮ್ ಕ್ಲಾಕ್ ಎಂಬ ವಿಚಿತ್ರ ಹೆಸರಿನ ತಂಡದ್ದು. ಅರವತ್ತರ ದಶಕದ ಪಾಶ್ಚಾತ್ಯ ಹಾಡುಗಳ ಸಂಕಲನಗಳಲ್ಲಿ ಈ ಹಾಡು ಇಂದಿಗೂ ಮತ್ತೆ ಮತ್ತೆ ಎದುರಾಗುತ್ತದೆ. ಅದೇ ತಂಡ 1967ರಿಂದ 1969ರೊಳಗೆ ನಾಲ್ಕು ಪೂರ್ಣ ಆಲ್ಬಂಗಳನ್ನು ಹೊರತಂದಿತ್ತು ಎಂಬುದು ಮಾತ್ರ ಹಾಡನ್ನು ಗುನುಗುವ ಎಷ್ಟೋ ಮಂದಿಗೆ ಗೊತ್ತಿಲ್ಲ.

ಇಂಥ ತಂಡಗಳಿಗೆ ಇಂಗ್ಲಿಷ್ ಸಂಗೀತ ಲೋಕದಲ್ಲಿ ‘ಒನ್ ಹಿಟ್ ವಂಡರ್’ ಎಂಬ ಹಣೆಪಟ್ಟಿ ಇದೆ. ಒಂದೇ ಹಾಡಿನಿಂದ ಹೆಸರು ಮಾಡಿ ಮರೆಯಾದವರು ಎಂದು ಅದರ ಭಾವ. ಕಟ್ಟುನಿಟ್ಟಾಗಿ ಲೆಕ್ಕ ಹಾಕುವವರು ಬಿಲ್‌ಬೋರ್ಡ್ ಪಟ್ಟಿಯ ಮೊದಲ ನಲವತ್ತರೊಳಗೆ ಒಂದೇ ಸಲ ಬಂದವರನ್ನು ಮಾತ್ರ ಈ ಸಾಲಿಗೆ ಸೇರಿಸುತ್ತಾರೆ. ಆ ಲೆಕ್ಕ ಹಿಡಿದರೆ ಸ್ಟ್ರಾಬೆರಿ ಅಲಾರ್ಮ್ ಕ್ಲಾಕ್ ಈ ಸಾಲಿನಲ್ಲಿ ನಿಲ್ಲುವುದೇ ಇಲ್ಲ. 1968ರ ಆರಂಭದಲ್ಲಿ ಅವರ ‘ಟುಮಾರೋ’ ಹಾಡು 23ನೇ ಸ್ಥಾನದವರೆಗೆ ಏರಿತ್ತು. ಆದರೆ ಜನರ ನೆನಪು ಅಂಕಿಅಂಶ ನೋಡಿ ಕೆಲಸ ಮಾಡುವುದಿಲ್ಲ. ‘ಟುಮಾರೋ’ ಮರೆತುಹೋಯಿತು, ಹಣೆಪಟ್ಟಿ ಉಳಿಯಿತು.

ಈ ಮರೆವಿಗೆ ಅಂದಿನ ಸಂಗೀತ ಮಾರಾಟದ ಕ್ರಮವೂ ಒಂದು ಕಾರಣ. ಆಗ ಹಾಡು ಮನೆ ಸೇರುತ್ತಿದ್ದದ್ದು ಎರಡು ಅಳತೆಯ ಪ್ಲೇಟುಗಳಲ್ಲಿ. ಏಳು ಅಂಗುಲದ ಚಿಕ್ಕ ಪ್ಲೇಟು ನಿಮಿಷಕ್ಕೆ 45 ಸುತ್ತು ತಿರುಗುತ್ತಿತ್ತು, ಒಂದೊಂದು ಮಗ್ಗುಲಿಗೆ ಒಂದೊಂದು ಹಾಡು. ಹನ್ನೆರಡು ಅಂಗುಲದ ಎಲ್‌ಪಿ ತಿರುಗುತ್ತಿದ್ದದ್ದು ನಿಧಾನವಾಗಿ, ಮಗ್ಗುಲಿಗೆ ಸುಮಾರು ಇಪ್ಪತ್ತು ನಿಮಿಷ. ರೇಡಿಯೊದವರು ಹಾಕುತ್ತಿದ್ದದ್ದು ಚಿಕ್ಕ ಪ್ಲೇಟು. ಹದಿಹರೆಯದವರು ಕೈಗಾಸಿನಲ್ಲಿ ಕೊಳ್ಳುತ್ತಿದ್ದದ್ದೂ ಅದನ್ನೇ. ಎಷ್ಟೋ ಕಂಪನಿಗಳಿಗೆ ಎಲ್‌ಪಿ ಎಂದರೆ ಒಂದು ಹಿಟ್ ಹಾಡಿನ ಜೊತೆಗೆ ತುಂಬಿ ಕಟ್ಟಿದ ಮೂಟೆ ಮಾತ್ರ. 1967ರ ಜೂನ್‌ನಲ್ಲಿ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್ಸ್’ ಬಂದ ಮೇಲೆ ಎಲ್‌ಪಿಯನ್ನೇ ಒಂದು ಇಡೀ ಕೃತಿಯಾಗಿ ಕಟ್ಟಬಹುದು ಎಂಬ ಆಸೆ ಸಣ್ಣಪುಟ್ಟ ತಂಡಗಳಿಗೂ ಹುಟ್ಟಿತು. ಸ್ಟ್ರಾಬೆರಿ ಅಲಾರ್ಮ್ ಕ್ಲಾಕ್ ಹುಟ್ಟಿದ್ದು ಸರಿಯಾಗಿ ಈ ಸಂಧಿಕಾಲದಲ್ಲಿ.

ಲಾಸ್ ಏಂಜಲೀಸ್ ಮಗ್ಗುಲಿನ ಗ್ಲೆಂಡೇಲ್ ಪಟ್ಟಣದ ಹುಡುಗರು ಸೇರಿ ಕಟ್ಟಿದ ‘ದೀ ಸಿಕ್ಸ್‌ಪೆನ್ಸ್’ ಈ ತಂಡದ ಮೂಲ. ಬಿಲ್ ಹೋಮ್ಸ್ ಎಂಬವರು ಅವರ ಮ್ಯಾನೇಜರ್; ಆಲ್ ಅಮೆರಿಕನ್ ಎಂಬ ಪುಟ್ಟ ರೆಕಾರ್ಡ್ ಕಂಪನಿಯೂ ಅವರದೇ. ಆ ಕಂಪನಿಯಿಂದ ಒಂದಷ್ಟು ಚಿಕ್ಕ ಪ್ಲೇಟುಗಳು ಬಂದವು, ಊರು ದಾಟಿ ಹೋಗಲಿಲ್ಲ. ತಂಡದ ಬೆನ್ನೆಲುಬು ಎನ್ನಬಹುದಾದವರು ಇಬ್ಬರು: ಆರ್ಗನ್ ಮತ್ತಿತರ ಕೀಲಿಮಣೆ ವಾದ್ಯ ನುಡಿಸುತ್ತಿದ್ದ ಮಾರ್ಕ್ ವೈಟ್ಸ್, ಲೀಡ್ ಗಿಟಾರಿನ ಎಡ್ ಕಿಂಗ್. ಲೀ ಫ್ರೀಮನ್ ರಿದಂ ಗಿಟಾರ್, ಗ್ಯಾರಿ ಲೊವೆಟ್ರೊ ಬೇಸ್ ಗಿಟಾರ್, ಜೀನ್ ಗನ್ನೆಲ್ಸ್ ಡ್ರಮ್ಸ್. ಕಿಂಗ್‌ಗೆ ಆಗ ಇಪ್ಪತ್ತೂ ತುಂಬಿರಲಿಲ್ಲ.

ತಂಡದ ಹೆಸರನ್ನು ಎತ್ತರಕ್ಕೆ ಒಯ್ದ ಆ ಹಾಡು ಹುಟ್ಟಿದ ಬಗೆ ಸ್ವಲ್ಪ ವಿವರವಾಗಿ ಹೇಳುವಂಥದ್ದು. ಅದರಲ್ಲಿ ಈ ತಂಡದ್ದು ಎನ್ನುವ ಪಾಲು ಎಷ್ಟು ಕಡಿಮೆ ಉಳಿಯಿತು ಎಂಬುದರಲ್ಲೇ ಮುಂದಿನ ಕಥೆಯೆಲ್ಲ ಅಡಗಿದೆ. ರಾಗ ಕಟ್ಟಿದವರು ವೈಟ್ಸ್ ಮತ್ತು ಕಿಂಗ್. ಮೊದಲು ವಾದ್ಯಗಳನ್ನಷ್ಟೇ ಮುದ್ರಿಸಿದರು, ಮಾತು ಇರಲಿಲ್ಲ. ನಿರ್ಮಾಪಕ ಫ್ರಾಂಕ್ ಸ್ಲೇ ಈ ಮುದ್ರಣವನ್ನು ಜಾನ್ ಕಾರ್ಟರ್ ಮತ್ತು ಟಿಮ್ ಗಿಲ್ಬರ್ಟ್ ಜೋಡಿಗೆ ಕಳಿಸಿದರು. ಇವರು ಡೆನ್ವರ್‌ನ ರೇನಿ ಡೇಜ್ ಎಂಬ ಬೇರೆಯೇ ತಂಡದವರು. ಟ್ಯೂನಿಗೆ ಮಾತು ಕೂರಿಸಿದ್ದು ಈ ಜೋಡಿ. ಪ್ಲೇಟು ಅಚ್ಚಾಗಿ ಬಂದಾಗ ಹಾಡು ಬರೆದವರು ಎಂಬ ಜಾಗದಲ್ಲಿ ಕಾರ್ಟರ್ ಮತ್ತು ಗಿಲ್ಬರ್ಟ್ ಹೆಸರಷ್ಟೇ ಇತ್ತು. ಸಂಗೀತ ಕಟ್ಟಿದ ಇಬ್ಬರ ಹೆಸರು ಎಲ್ಲೂ ಇರಲಿಲ್ಲ.

ಸಾಹಿತ್ಯ ಒಬ್ಬರದು, ಸಂಗೀತ ಇನ್ನೊಬ್ಬರದು ಎಂದು ಬೇರೆ ಬೇರೆ ಸಾಲಿನಲ್ಲಿ ಓದಿ ರೂಢಿಯಾದ ಕನ್ನಡ ಚಿತ್ರಗೀತೆಗಳ ಕೇಳುಗರಿಗೆ ಈ ಜಗಳ ಚಟ್ಟನೆ ತಲೆಗೆ ಹೋಗಲಿಕ್ಕಿಲ್ಲ. ಅಮೆರಿಕದ ಪ್ಲೇಟುಗಳ ಮೇಲೆ ಸಾಮಾನ್ಯವಾಗಿ ಹಾಡಿನ ಹೆಸರಿನ ಕೆಳಗೆ ಒಂದೇ ಆವರಣ. ಮಾತು ಬರೆದವರು, ರಾಗ ಹಾಕಿದವರು ಎಲ್ಲರೂ ಅದರೊಳಗೇ ಇರಬೇಕು. ಹಾಡು ರೇಡಿಯೊದಲ್ಲಿ ಬಂದಾಗಲೆಲ್ಲ, ಪ್ಲೇಟು ಮಾರಾಟವಾದಾಗಲೆಲ್ಲ, ಸಿನಿಮಾಕ್ಕೆ ಬಳಸಿದಾಗಲೆಲ್ಲ ಬರುವ ರಚನೆಕಾರರ ಹಣ ಆ ಆವರಣದಲ್ಲಿ ಹೆಸರಿದ್ದವರಿಗೇ ಹೋಗುತ್ತದೆ. ಹೆಸರು ಬಿಟ್ಟುಹೋದರೆ ಮಾನದ ಜೊತೆ ಬದುಕಿನುದ್ದದ ಗಳಿಕೆಯೂ ಹೋಯಿತು ಎಂದೇ ಅರ್ಥ.

ಮಾತು ಬಂದ ಮೇಲೆ ಹಾಡುವವರು ಯಾರು ಎಂಬ ಪ್ರಶ್ನೆ ಎದ್ದಿತು. ಸ್ಟುಡಿಯೊಕ್ಕೆ ಬಂದಿದ್ದ ಗ್ರೆಗ್ ಮನ್‌ಫರ್ಡ್ ಎಂಬ ಹದಿನಾರರ ಹುಡುಗನ ದನಿ ಈ ಹಾಡಿಗೆ ಒಪ್ಪುತ್ತದೆ ಎಂದು ತೀರ್ಮಾನವಾಯಿತು. ಆತ ತಂಡದವನಲ್ಲ, ‘ಶೇಪ್ಸ್’ ಎಂಬ ಇನ್ನೊಂದು ತಂಡದ ಗೆಳೆಯ. ಹಾಡಿ ಹೋದವನು ಆಮೇಲೂ ತಂಡ ಸೇರಲಿಲ್ಲ. ಡ್ರಮ್ಸ್ ನುಡಿಸಿದ ಗನ್ನೆಲ್ಸ್ ಹಾಡು ಜನಪ್ರಿಯವಾಗುವ ಮೊದಲೇ ತಂಡ ಬಿಟ್ಟರು. ಹೀಗೆ ದೇಶದಲ್ಲೇ ಮೊದಲ ಸ್ಥಾನಕ್ಕೆ ಬಂದ ಹಾಡಿನ ದನಿ ಹೊರಗಿನವನದು, ಮಾತು ಹೊರಗಿನವರದು, ತಾಳ ಹಾಕಿದವರು ತಂಡದಲ್ಲಿಲ್ಲ, ರಾಗ ಹಾಕಿದವರ ಹೆಸರು ಪ್ಲೇಟಿನಲ್ಲಿಲ್ಲ.

ಅದು ಮೇಲ್ಮಗ್ಗುಲಿನ ಹಾಡೂ ಆಗಿರಲಿಲ್ಲ. ಕಂಪನಿ ಮುಖ್ಯ ಎಂದುಕೊಂಡಿದ್ದ ಹಾಡು ‘ದ ಬರ್ಡ್‌ಮನ್ ಆಫ್ ಆಲ್ಕಟ್ರಾಶ್’. ಆಲ್ಕಟ್ರಾಜ್ ಜೈಲಿನ ಕೈದಿಯ ಕುರಿತ ಹೆಸರಾಂತ ಸಿನಿಮಾದ ಶೀರ್ಷಿಕೆಯನ್ನು ಅಣಕಿಸಿ ಇಟ್ಟ ಹೆಸರು ಅದು. ರೇಡಿಯೊ ನಿರೂಪಕರು ಪ್ಲೇಟು ಮಗುಚಿ ಹಾಕಿದರು, ಕೇಳುಗರು ಅದನ್ನೇ ಮತ್ತೆ ಕೇಳಿದರು. ಮೊದಲ ಪ್ರತಿಗಳು ಬಂದದ್ದು ಸಿಕ್ಸ್‌ಪೆನ್ಸ್ ಹೆಸರಿನಲ್ಲೇ. ಅಂಥದೇ ಹೆಸರಿನ ಇನ್ನೊಂದು ತಂಡ ಇದೆ ಎಂದು ತಿಳಿದ ಮೇಲೆ ಹೆಸರು ಬದಲಾಯಿತು. ಬೀಟಲ್ಸ್‌ನ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಆ ವರ್ಷದ ಆರಂಭದಲ್ಲಿ ಬಂದಿತ್ತು. ಹಣ್ಣು ಬಂದದ್ದು ಅಲ್ಲಿಂದ ಎನ್ನುತ್ತಾರೆ. ಅಲಾರ್ಮ್ ಗಡಿಯಾರ ವೈಟ್ಸ್ ಅವರ ಕೋಣೆಯಲ್ಲಿ ಸದ್ದು ಮಾಡುತ್ತಿದ್ದದ್ದಂತೆ. ಎಂಸಿಎ ಸಂಸ್ಥೆಯ ಅಂಗವಾದ ಯೂನಿ ರೆಕಾರ್ಡ್ಸ್ ಹಾಡನ್ನು ಕೈಗೆತ್ತಿಕೊಂಡು ದೇಶವಿಡೀ ಹಂಚಿತು. ನೀಲ್ ಡೈಮಂಡ್ ಹಾಡುಗಳನ್ನೂ ಎಲ್ಟನ್ ಜಾನ್ ಅವರ ಮೊದಮೊದಲ ಅಮೆರಿಕನ್ ಪ್ಲೇಟುಗಳನ್ನೂ ಮುಂದೆ ತಂದದ್ದು ಇದೇ ಕಂಪನಿ.

ಹಾಡು ಮೇಲೇರುತ್ತಿದ್ದಂತೆ ಆಲ್ಬಂ ಬೇಕಾಯಿತು. ತಂಡವೂ ಹಿಗ್ಗಿತ್ತು. ಡ್ರಮ್ಸ್‌ಗೆ ರ‍್ಯಾಂಡಿ ಸಿಯೋಲ್ ಬಂದರು, ಅವರ ಜೊತೆಗೆ ಗೆಳೆಯ ಜಾರ್ಜ್ ಬನೆಲ್. ಲೊವೆಟ್ರೊ ಇದ್ದಂತೆಯೇ ಬನೆಲ್ ಕೂಡ ಬೇಸ್ ನುಡಿಸುತ್ತಿದ್ದರಿಂದ ಒಂದೇ ತಂಡಕ್ಕೆ ಇಬ್ಬರು ಬೇಸ್ ವಾದಕರಾದರು. ಬನೆಲ್ ತಮ್ಮೊಡನೆ ಹಾಡು ಕಟ್ಟುತ್ತಿದ್ದ ಇನ್ನೊಬ್ಬ ಹುಡುಗನನ್ನೂ ಕರೆತಂದರು. ಆ ಹದಿನೈದರ ಸ್ಟೀವ್ ಬಾರ್ಟೆಕ್ ಆಲ್ಬಂನಲ್ಲಿ ಕೊಳಲು ನುಡಿಸಿದ, ಬನೆಲ್ ಜೊತೆ ಹಾಡುಗಳನ್ನೂ ಬರೆದ, ಆದರೆ ತಂಡದ ಸದಸ್ಯನಾಗಲಿಲ್ಲ. ಈ ಹುಡುಗನ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

‘ಇನ್ಸೆನ್ಸ್ ಅಂಡ್ ಪೆಪ್ಪರ್‌ಮಿಂಟ್ಸ್’ ಎಂದೇ ಹೆಸರಿಟ್ಟ ಈ ಮೊದಲ ಆಲ್ಬಂ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ 11ನೇ ಸ್ಥಾನಕ್ಕೆ ಬಂತು. ಹಿಟ್ ಹಾಡಿನ ಆಸೆಯಿಂದ ಪ್ಲೇಟು ಹಾಕಿದವರಿಗೆ ಮೊದಲು ಎದುರಾಗುತ್ತಿದ್ದದ್ದು ‘ದ ವರ್ಲ್ಡ್ಸ್ ಆನ್ ಫೈರ್’, ಎಂಟು ನಿಮಿಷ ದಾಟುವ ಹಾಡು. ಆರ್ಗನ್, ಗಿಟಾರು, ಕೊಳಲು ಒಂದರ ಹಿಂದೊಂದು ಸರದಿ ತೆಗೆದುಕೊಂಡು ಅವಸರವಿಲ್ಲದೆ ಬೆಳೆಯುತ್ತವೆ. ಮೂರು ನಿಮಿಷದೊಳಗಿನ ಹಾಡಿನಿಂದ ಹೆಸರಾದವರು ಆಲ್ಬಂ ಬಾಗಿಲಲ್ಲೇ ಇಷ್ಟುದ್ದದ ಹಾಡು ನಿಲ್ಲಿಸಿದ್ದು ಧೈರ್ಯದ ಕೆಲಸ. ಬನೆಲ್–ಬಾರ್ಟೆಕ್ ಜೋಡಿಯ ‘ರೇನಿ ಡೇ ಮಶ್ರೂಮ್ ಪಿಲ್ಲೋ’ ಮಂಪರು ಹಿಡಿಸುವ ಹಾಡು. ಮಳೆ ದಿನ, ಅಣಬೆ, ದಿಂಬು ಮೂರೂ ಒಂದೇ ಹೆಸರಿನಲ್ಲಿ ಸೇರಿರುವುದೇ ಆ ಕಾಲದ ಖಯಾಲಿಗೆ ಸಾಕ್ಷಿ. ‘ಬರ್ಡ್ಸ್ ಇನ್ ಮೈ ಟ್ರೀ’, ‘ಸ್ಟ್ರಾಬೆರೀಸ್ ಮೀನ್ ಲವ್’ ಹಗುರವಾದವು, ಕೂಡುದನಿಯಲ್ಲಿ ತೇಲುವಂಥವು. ಸಿಯೋಲ್ ಡ್ರಮ್ಸ್ ಜೊತೆಗೆ ವೈಬ್ರಾಫೋನ್ ಕೂಡ ನುಡಿಸುತ್ತಿದ್ದರು. ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ಆ ವಾದ್ಯದ ನಾದದಿಂದ ಕೆಲವು ಕಡೆ ಜಾಜ್ ಗಾಳಿ ಸುಳಿಯುತ್ತದೆ. ಮನ್‌ಫರ್ಡ್ ದನಿ ಇರುವುದು ಶೀರ್ಷಿಕೆ ಹಾಡಿನಲ್ಲಿ. ಉಳಿದದ್ದು ತಂಡದ ಸ್ವಂತ ದನಿ. ಹಿಟ್ ಹಾಡೊಂದೇ ಆಲ್ಬಂನಲ್ಲಿ ಬೇರೆ ಮನೆಯಿಂದ ಬಂದ ನೆಂಟನ ಹಾಗೆ ಕೂತಿದೆ.

ಈ ಬಗೆಯ ಸಂಗೀತಕ್ಕೆ ಸೈಕಡೆಲಿಕ್ ಎಂಬ ಹೆಸರು. ಎಲ್‌ಎಸ್‌ಡಿಯಂಥ ಮಾದಕ ದ್ರವ್ಯಗಳಿಂದಾಗುವ ಭ್ರಮೆಯನ್ನು ನಾದದಲ್ಲಿ ಹಿಡಿಯುವ ಪ್ರಯತ್ನದಿಂದ ಇದು ಹುಟ್ಟಿತು. ಗಿಟಾರಿನ ದನಿಯನ್ನು ಬೇಕೆಂದೇ ಒಡೆದು ಗರಗರ ಎನ್ನಿಸುವುದು, ಟೇಪನ್ನು ಹಿಂದುಮುಂದಾಗಿ ಓಡಿಸುವುದು, ಪ್ರತಿಧ್ವನಿ ಬೆರೆಸುವುದು, ಪೂರ್ವದೇಶಗಳ ವಾದ್ಯ ತಂದು ಸೇರಿಸುವುದು ಅದರ ಉಪಾಯಗಳು. ಭಾರತದ ನಂಟು ಬಂದದ್ದು ಈ ಕೊನೆಯದರಿಂದ. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದಲ್ಲಿ ರವಿಶಂಕರ್ ಸಿತಾರ್ ನುಡಿಸಿದರು. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಅವರ ಕಿನ್ನರ ಸಂಗೀತ ಶಾಲೆ ತೆರೆಯಿತು. ಊದುಬತ್ತಿ, ಮಣಿಸರ, ಗುರು, ಧ್ಯಾನ ಎಲ್ಲ ಆ ಹುಡುಗ ಹುಡುಗಿಯರ ಮಾತಿನಲ್ಲಿ ಓಡಾಡುತ್ತಿದ್ದ ಕಾಲ ಅದು. ಸ್ಟ್ರಾಬೆರಿ ಅಲಾರ್ಮ್ ಕ್ಲಾಕ್ ಹಾಡುಗಳಲ್ಲಿ ಇರುವ ಭಾರತ ಅಷ್ಟೇ ಮಟ್ಟಿನದು. ಅದು ಸಂಗೀತ ಕಲಿತು ಪಡೆದದ್ದಲ್ಲ, ಬೀದಿಯ ಫ್ಯಾಷನ್ನಿನಿಂದ ಎತ್ತಿಕೊಂಡದ್ದು.

ವೇದಿಕೆಯ ಮೇಲೂ ಅಂಥದೇ ಆಟ. ಸಾಮಾನು ಹೊರುವ ಸಹಾಯಕರು ಕಲಾವಿದರನ್ನು ಜಮಖಾನೆಯ ಮೇಲೆ ಕೂರಿಸಿ ಹೊತ್ತು ತರುತ್ತಿದ್ದರು, ಹಾರುವ ಕಂಬಳಿಯ ಕಥೆಯ ಹಾಗೆ. ಸಿಯೋಲ್ ಮಣಿಕಟ್ಟಿಗೆ ಗ್ಯಾಸ್ ಕೊಳವೆ ಕಟ್ಟಿಕೊಂಡು, ಕೈಗೇ ಬೆಂಕಿ ಹತ್ತಿದಂತೆ ಕಾಣಿಸುತ್ತ ಬಾಂಗೊ ಬಾರಿಸುತ್ತಿದ್ದರು. 1967ರ ನವೆಂಬರ್‌ನಲ್ಲಿ ಬೀಚ್ ಬಾಯ್ಸ್ ಮತ್ತು ಬಫಲೋ ಸ್ಪ್ರಿಂಗ್‌ಫೀಲ್ಡ್ ಜೊತೆ ಊರೂರು ಸುತ್ತಿದರು. 1968ರ ಏಪ್ರಿಲ್‌ನಲ್ಲಿ ಅವೇ ತಂಡಗಳೊಡನೆ ದಕ್ಷಿಣದ ರಾಜ್ಯಗಳತ್ತ ಹೊರಟಾಗ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಸಾಲಾಗಿ ಕಾರ್ಯಕ್ರಮಗಳು ರದ್ದಾದವು.

ಎರಡನೇ ಆಲ್ಬಂ ‘ವೇಕ್ ಅಪ್... ಇಟ್ಸ್ ಟುಮಾರೋ’ 1968ರಲ್ಲಿ ಬಂತು. ಲೊವೆಟ್ರೊ ಅಷ್ಟರಲ್ಲಿ ಹೊರನಡೆದಿದ್ದರು. ತಂಡ ತನ್ನ ಕಾಲ ಮೇಲೆ ತಾನು ನಿಂತದ್ದು ಇಲ್ಲಿ. ಹೋವರ್ಡ್ ಡೇವಿಸ್ ಎಂಬ ಗಾಯನ ತರಬೇತುದಾರರ ಬಳಿ ಕೂಡುಗಾಯನ ಕಲಿತರು. ಮೂರು ನಾಲ್ಕು ದನಿಗಳು ಬೇರೆ ಬೇರೆ ಎತ್ತರದಲ್ಲಿ ಹೊರಟು ಒಂದೇ ಉಸಿರಿನಲ್ಲಿ ಸೇರುವ ಈ ಕ್ರಮ ಪಾಶ್ಚಾತ್ಯ ಸಂಗೀತದ ಹಾರ್ಮನಿ. ಒಂದೇ ರಾಗದ ಎಳೆಯನ್ನು ಹಿಡಿದು ಹೋಗುವ ನಮ್ಮ ಸಂಗೀತಕ್ಕೆ ಒಗ್ಗಿದ ಕಿವಿಗೆ ಮೊದಲು ಗೊಂದಲವೆನಿಸಬಹುದು. ‘ಟುಮಾರೋ’ ಹಾಡನ್ನು ಎರಡು ಮೂರು ಸಲ ಕೇಳಿ, ಪ್ರತಿ ಸಲವೂ ಒಂದೊಂದೇ ದನಿಯ ಬೆನ್ನು ಹಿಡಿದರೆ ಹೆಣಿಗೆ ಬಿಡಿಸಿಕೊಳ್ಳುತ್ತದೆ. ಇದರ ಸಂಗೀತಕ್ಕೂ ಮಾತಿಗೂ ಹೊರಗಿನವರ ಹಂಗಿರಲಿಲ್ಲ. 23ನೇ ಸ್ಥಾನ ತಂಡ ತಾನಾಗಿ ದುಡಿದು ಪಡೆದದ್ದು.

ಆಲ್ಬಂ ತೆರೆಯುವುದು ‘ನೈಟ್‌ಮೇರ್ ಆಫ್ ಪರ್ಕಶನ್’ನಿಂದ. ನಾಟಕದ ಸೂತ್ರಧಾರನಂತೆ ಗಂಟಲು ತಗ್ಗಿಸಿ ಆಡುವ ಮಾತು, ಹಿಂದೆ ತಾಳವಾದ್ಯಗಳ ಗದ್ದಲ. ಅದು ಮುಗಿದು ‘ಸಾಫ್ಟ್ ಸ್ಕೈಸ್, ನೋ ಲೈಸ್’ ಶುರುವಾದಾಗ ಗುಡುಗು ನಿಂತು ಬಿಸಿಲು ಬಿದ್ದ ಹಾಗಾಗುತ್ತದೆ. ಇವೆರಡನ್ನೂ ಬಿಡಿಬಿಡಿಯಾಗಿ ಕೇಳಿದರೆ ಮೊದಲನೆಯದು ಹುಚ್ಚಾಟ, ಎರಡನೆಯದು ಸಾಧಾರಣ ಪ್ರೇಮಗೀತೆ ಎನಿಸೀತು. ಅಕ್ಕಪಕ್ಕ ಇಟ್ಟದ್ದೇ ಜಾಣತನ, ಮತ್ತು ಚಿಕ್ಕ ಪ್ಲೇಟಿನಲ್ಲಿ ಈ ಜಾಣತನಕ್ಕೆ ಜಾಗವೇ ಇರಲಿಲ್ಲ. ‘ಕರ್ಸ್ ಆಫ್ ದ ವಿಚಸ್’ ಮಾಟಗಾತಿಯರ ಶಾಪದ ಕಥೆ ಹೇಳುವ ಆರು ನಿಮಿಷ ಮೀರಿದ ಹಾಡು. ಅಜ್ಜಿಕಥೆಯ ಓಟ ಅದಕ್ಕಿದೆ. ‘ಸಿಟ್ ವಿತ್ ದ ಗುರು’ ಹೆಸರೇ ಹೇಳುವಂತೆ ಗುರುವಿನ ಪಕ್ಕದಲ್ಲಿ ಕೂರಲು ಕರೆಯುವ ಹಾಡು. ಬೀಟಲ್ಸ್ ಮಂದಿ ಮಹರ್ಷಿ ಮಹೇಶ ಯೋಗಿಯವರ ಆಶ್ರಮಕ್ಕೆಂದು ಹೃಷಿಕೇಶಕ್ಕೆ ಹೋದದ್ದು ಇದೇ 1968ರ ಫೆಬ್ರುವರಿಯಲ್ಲಿ ಎಂದು ನೆನೆದರೆ ಹಾಡಿನ ಹುಟ್ಟು ಎಲ್ಲಿಯದು ಎಂದು ಕೇಳಬೇಕಿಲ್ಲ. ಇದು 65ನೇ ಸ್ಥಾನದಲ್ಲಿ ನಿಂತಿತು. ಕೊನೆಯಲ್ಲಿ ‘ಬ್ಲ್ಯಾಕ್ ಬಟರ್’ ಎಂಬ ಒಂದೇ ಹೆಸರಿನ ಮೂರು ಹಾಡುಗಳಿವೆ: ಭೂತ, ವರ್ತಮಾನ, ಭವಿಷ್ಯ. ಕಪ್ಪು ಬೆಣ್ಣೆ ಎಂದರೇನು ಎಂದು ಕೇಳುವವರಿಗೆ ಹಾಡು ಉತ್ತರ ಕೊಡುವುದಿಲ್ಲ. ಆ ಕಾಲದ ಸೈಕಡೆಲಿಕ್ ಹಾಡುಗಳಿಂದ ಅರ್ಥ ಹಿಂಡಲು ಹೊರಟರೆ ಕೈಗೆ ಏನೂ ಹತ್ತುವುದಿಲ್ಲ, ಕೇಳಿ ಸುಖಿಸುವುದೇ ದಾರಿ.

ಇಷ್ಟಿದ್ದೂ ಆಲ್ಬಂ ಪಟ್ಟಿಯಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಮೊದಲನೆಯದು 11ನೇ ಸ್ಥಾನ, ಅದಕ್ಕಿಂತ ಮಾಗಿದ ಎರಡನೆಯದಕ್ಕೆ ಯಾವ ಸ್ಥಾನವೂ ಇಲ್ಲ. ಜನ ಮೊದಲು ಕೊಂಡದ್ದು ಆಲ್ಬಂ ಅಲ್ಲ, ಅದರೊಳಗಿದ್ದ ಒಂದು ಹಾಡು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಅದೇ ವರ್ಷ ತಂಡ ಸಿನಿಮಾದಲ್ಲೂ ಮುಖ ತೋರಿಸಿತು. ರಿಚರ್ಡ್ ರಶ್ ನಿರ್ದೇಶಿಸಿದ ‘ಸೈಕ್ ಔಟ್’ ಸ್ಯಾನ್ ಫ್ರಾನ್ಸಿಸ್ಕೊದ ಹಿಪ್ಪಿಗಳ ಕೇರಿಯ ಕಥೆ. ಆಗಿನ್ನೂ ಹೆಸರಾಗಿರದ ಜ್ಯಾಕ್ ನಿಕಲ್ಸನ್ ಅದರಲ್ಲಿ ಜಡೆ ಕಟ್ಟಿದ ಗಿಟಾರ್ ವಾದಕ. ಸಿನಿಮಾ ಮಟ್ಟಿಗೆ ಹೆಚ್ಚು ಹೇಳುವಂಥದ್ದಿಲ್ಲ. ಆದರೆ ಈ ತಂಡ ವಾದ್ಯ ಹಿಡಿದು ನಿಂತರೆ ಹೇಗಿತ್ತು ಎಂದು ಬಣ್ಣದಲ್ಲಿ ನೋಡಲು ಇರುವ ಕೆಲವೇ ದಾಖಲೆಗಳಲ್ಲಿ ಅದು ಒಂದು.

ಮೂರನೆಯ ಆಲ್ಬಂ ‘ದ ವರ್ಲ್ಡ್ ಇನ್ ಎ ಸೀ ಶೆಲ್’ ಕೂಡ 1968ರದೇ. ಮತ್ತೆ ಹಿಟ್ ಬೇಕೆಂದು ಕಂಪನಿಯವರು, ನಿರ್ಮಾಪಕರು ಮೆದು ಹಾಡುಗಳತ್ತ ಎಳೆದರು. ಹೊರಗಿನವರು ಬರೆದ ಹಾಡುಗಳು ಬಂದವು, ಪಿಟೀಲು ಮೇಳ ಬಂತು. ಕೆರೋಲ್ ಕಿಂಗ್ ಮತ್ತು ಟೋನಿ ಸ್ಟರ್ನ್ ಜೋಡಿ ಬರೆದದ್ದೂ ಇಲ್ಲಿದೆ. ಇದೇ ಜೋಡಿಯ ಹಾಡುಗಳು ಸೇರಿದ್ದ ‘ಟ್ಯಾಪೆಸ್ಟ್ರಿ’ 1971ರಲ್ಲಿ ಕೆರೋಲ್ ಕಿಂಗ್ ಅವರನ್ನು ಮನೆಮಾತಾಗಿಸಿತು. ಹೀಗೆ ಆಲ್ಬಂ ಇಬ್ಭಾಗವಾಗಿದೆ. ಒಂದು ಕಡೆ ಮದುವೆ ಮನೆಯ ಹೂವಿನ ಅಲಂಕಾರದಂಥ ವಾದ್ಯಮೇಳ, ಇನ್ನೊಂದು ಕಡೆ ತಂಡದವರ ಸ್ವಂತ ಹಾಡುಗಳು. ಮೊದಲ ಬಗೆಯನ್ನು ಆಗಿನ ವಿಮರ್ಶಕರು ಗಟ್ಟಿಯಾಗಿ ತೆಗೆದುಕೊಳ್ಳಲಿಲ್ಲ. ಈಗ ಕೇಳಿದರೆ ‘ಸೀ ಶೆಲ್’, ‘ಬ್ಲೂಸ್ ಫಾರ್ ಎ ಯಂಗ್ ಗರ್ಲ್ ಗಾನ್’ ಅಷ್ಟು ತೆಗೆದುಹಾಕುವಂಥವಲ್ಲ. ‘ಬೇರ್‌ಫುಟ್ ಇನ್ ಬಾಲ್ಟಿಮೋರ್’ ಬರಿಗಾಲಲ್ಲಿ ಬಿಸಿ ಬೀದಿ ತುಳಿಯುವ ಲಹರಿಯ ಹಾಡು, ಕೇಳಿದ ದಿನವೇ ನಾಲಿಗೆಗೆ ಅಂಟಿಕೊಳ್ಳುತ್ತದೆ. ಅದು ಏರಿದ್ದು 67ರವರೆಗೆ.

ತಂಡದೊಳಗೆ ಅಷ್ಟರಲ್ಲಿ ಮನಸ್ತಾಪ ಬೆಳೆದಿತ್ತು. ಬನೆಲ್, ಸಿಯೋಲ್ ಹೊರಬಿದ್ದರು. ಮ್ಯಾನೇಜರ್ ಹೋಮ್ಸ್ ಅವರನ್ನು ತಂಡ ತೆಗೆದುಹಾಕಿತು. ಆಮೇಲೆ ನಡೆದದ್ದು ಯಕ್ಷಗಾನದ ಎರಡು ಮೇಳ ಒಂದೇ ಹೆಸರಿಗೆ ಗೆಜ್ಜೆ ಕಟ್ಟಿದ ಹಾಗೆ: ಹೋಮ್ಸ್ ಬನೆಲ್ ಮತ್ತು ಸಿಯೋಲ್ ಅವರನ್ನು ಸೇರಿಸಿಕೊಂಡು ಅದೇ ಹೆಸರಿನ ಇನ್ನೊಂದು ತಂಡವನ್ನು ಊರೂರಿಗೆ ಕಳಿಸಿದರು. ಯಾವುದು ಅಸಲಿ ಎಂಬುದು ನ್ಯಾಯಾಲಯದ ಮೆಟ್ಟಿಲೇರಿತು. ತೀರ್ಮಾನ ಮೂಲ ತಂಡದ ಕಡೆಗೇ ಆದರೂ, ಮುಂಗಡ ಕೊಟ್ಟರೆ ಯಾವ ತಂಡ ಬಂದೀತೋ ಎಂಬ ಅಂಜಿಕೆಯಿಂದ ಕಾರ್ಯಕ್ರಮ ಏರ್ಪಡಿಸುವವರು ಹಿಂದೆಗೆದರು. ಹಾಡುಗಳ ಗುಣಕ್ಕೂ ಈ ಕುಸಿತಕ್ಕೂ ಸಂಬಂಧವಿರಲಿಲ್ಲ.

ನಾಲ್ಕನೆಯ ಆಲ್ಬಂ ‘ಗುಡ್ ಮಾರ್ನಿಂಗ್ ಸ್ಟಾರ್‌ಶೈನ್’ 1969ರದು. ಹೊಸ ಗಾಯಕ ಮತ್ತು ಗಿಟಾರ್ ವಾದಕ ಜಿಮ್ಮಿ ಪಿಟ್‌ಮನ್ ಬಂದರು, ಕಿಂಗ್ ಬೇಸ್ ಗಿಟಾರಿಗೆ ಸರಿದರು. ಹಿಟ್ ಹಾಡಿಗೆ ಡ್ರಮ್ಸ್ ನುಡಿಸಿ ಹೋಗಿದ್ದ ಗನ್ನೆಲ್ಸ್ ಮರಳಿ ಬಂದರು. ಸದ್ದು ಪೂರ್ತಿ ಬದಲಾಗಿ, ಹೂವಿನ ಕಾಲ ಮುಗಿದು ಬ್ಲೂಸ್ ರಾಕ್‌ನ ಒರಟುತನ ಬಂತು. ‘ಹಾಗ್ ಚೈಲ್ಡ್’, ‘ಸ್ಮಾಲ್ ಪ್ಯಾಕೇಜ್’, ‘ಮಿಸ್ ಅಟ್ರಾಕ್ಷನ್’ ಈ ಜಾತಿಯವು. ಅದರ ಮಧ್ಯೆ ‘ಹೇರ್’ ಎಂಬ ಹೆಸರಾಂತ ಸಂಗೀತ ನಾಟಕದ ‘ಗುಡ್ ಮಾರ್ನಿಂಗ್ ಸ್ಟಾರ್‌ಶೈನ್’ ಹಾಡು, ಕಂಬಳಿಗೆ ಹಾಕಿದ ರೇಷ್ಮೆ ತೇಪೆಯಂತೆ. ಚಿಕ್ಕ ಪ್ಲೇಟಾಗಿ ಬಂದಾಗ ಅದು 87ರಲ್ಲಿ ನಿಂತಿತು; ಅದೇ ಹೊತ್ತಿಗೆ ಆಲಿವರ್ ಎಂಬ ಗಾಯಕ ಹಾಡಿದ ಅದೇ ಹಾಡು 3ನೇ ಸ್ಥಾನಕ್ಕೆ ಹೋಯಿತು. ನಾಲ್ಕರಲ್ಲಿ ದುರ್ಬಲವಾದದ್ದು ಇದು. ಸ್ಟ್ರಾಬೆರಿ ಹೆಸರಿಲ್ಲದೆ ಬಂದಿದ್ದರೆ ಒಂದು ಸಾಧಾರಣ ರಾಕ್ ಆಲ್ಬಂ ಎಂದು ಒಪ್ಪಬಹುದಿತ್ತು.

ವೈಟ್ಸ್ 1969ರಲ್ಲಿ ಬಿಟ್ಟರು. ಪಿಟ್‌ಮನ್ ಜಾಗಕ್ಕೆ ಪಾಲ್ ಮಾರ್ಷಲ್ ಬಂದರು. 1970ರಲ್ಲಿ ರಸ್ ಮೇಯರ್ ನಿರ್ದೇಶನದ ‘ಬಿಯಾಂಡ್ ದ ವ್ಯಾಲಿ ಆಫ್ ದ ಡಾಲ್ಸ್’ನ ಪಾರ್ಟಿ ದೃಶ್ಯದಲ್ಲಿ ತಂಡ ಹಳೆಯ ಹಿಟ್ಟನ್ನೂ ಹೊಸ ಹಾಡುಗಳನ್ನೂ ನುಡಿಸಿತು. ಚಿತ್ರಕಥೆ ಬರೆದವರು ಮುಂದೆ ಅಮೆರಿಕದ ಹೆಸರಾಂತ ಸಿನಿಮಾ ವಿಮರ್ಶಕರಾದ ರೋಜರ್ ಈಬರ್ಟ್. 1971ರಲ್ಲಿ ತಂಡ ಮುಚ್ಚಿತು.

ದಕ್ಷಿಣದ ರಾಜ್ಯಗಳಲ್ಲಿ ಕೊನೆಕೊನೆಯ ಕಾರ್ಯಕ್ರಮಗಳಿಗೆ ಮೊದಲು ನುಡಿಸುತ್ತಿದ್ದ ಊರಿನ ತಂಡವೊಂದು ಎಡ್ ಕಿಂಗ್ ಅವರಿಗೆ ಹಿಡಿಸಿತ್ತು. ಅದು ಲೆನರ್ಡ್ ಸ್ಕಿನರ್ಡ್. 1972ರಲ್ಲಿ ಅವರು ಆ ತಂಡ ಸೇರಿದರು. 1974ರಲ್ಲಿ ಬಂದ ‘ಸ್ವೀಟ್ ಹೋಮ್ ಅಲಬಾಮ’ ಹಾಡಿನ ಆರಂಭದಲ್ಲಿ ಒಂದು, ಎರಡು, ಮೂರು ಎಂದು ಎಣಿಸುವ ದನಿ ಅವರದೇ, ಆ ಪ್ರಸಿದ್ಧ ಗಿಟಾರ್ ಸೋಲೋ ಕೂಡ ಅವರದು. ಈ ಸಲ ಪ್ಲೇಟಿನ ಮೇಲಿನ ಆವರಣದೊಳಗೆ ಕಿಂಗ್ ಎಂಬ ಹೆಸರು ಇತ್ತು. ಕೊಳಲಿನ ಹುಡುಗ ಸ್ಟೀವ್ ಬಾರ್ಟೆಕ್ ಬೆಳೆದು ಓಯಿಂಗೊ ಬೋಯಿಂಗೊ ತಂಡದ ಗಿಟಾರ್ ವಾದಕನಾದ. ಅದೇ ತಂಡದ ಡ್ಯಾನಿ ಎಲ್ಫ್‌ಮನ್ 1989ರ ‘ಬ್ಯಾಟ್‌ಮನ್’ ಸೇರಿ ಹಲವು ಸಿನಿಮಾಗಳಿಗೆ ಸಂಗೀತ ಕೊಟ್ಟಾಗ ಅದನ್ನು ದೊಡ್ಡ ವಾದ್ಯಮೇಳಕ್ಕೆ ಹೊಂದಿಸಿ ಬರೆದದ್ದು ಬಾರ್ಟೆಕ್. ಹಾಡಿಗೆ ಮಾತು ಬರೆದ ಜಾನ್ ಕಾರ್ಟರ್ ಎಂಬತ್ತರ ದಶಕದಲ್ಲಿ ಕ್ಯಾಪಿಟಲ್ ಕಂಪನಿಯಲ್ಲಿದ್ದು ಟೀನಾ ಟರ್ನರ್ ಅವರನ್ನು ಮತ್ತೆ ಮೇಲೆತ್ತಿದವರು.

ಆಲ್ಬಂಗಳ ಪಾಡು ಬೇರೆ. ಮಾರಾಟವಾಗದ ಎಲ್‌ಪಿಗಳ ರಟ್ಟಿನ ಮೂಲೆ ಕತ್ತರಿಸಿ ಅಥವಾ ತೂತು ಹೊಡೆದು ಅಂಗಡಿಯ ಮೂಲೆಯ ಡಬ್ಬಗಳಲ್ಲಿ ಅಗ್ಗಕ್ಕೆ ಸುರಿಯುವುದು ಅಮೆರಿಕದ ರೆಕಾರ್ಡ್ ವ್ಯಾಪಾರದ ರೂಢಿ. ಅರವತ್ತರ ದಶಕದ ಎಷ್ಟೋ ತಂಡಗಳ ಮರುಹುಟ್ಟು ಇಂಥ ಡಬ್ಬಗಳನ್ನು ಕೆದಕಿದವರಿಂದಲೇ ಆಯಿತು. 1972ರಲ್ಲಿ ಲೆನ್ನಿ ಕೇ ಎಂಬ ಸಂಗೀತ ಬರಹಗಾರರು 27 ಮರೆತ ಹಾಡುಗಳನ್ನು ಹೆಕ್ಕಿ ‘ನಗೆಟ್ಸ್’ ಎಂಬ ಜೋಡಿ ಎಲ್‌ಪಿ ಮಾಡಿದರು. ಸ್ಟ್ರಾಬೆರಿ ಅಲಾರ್ಮ್ ಕ್ಲಾಕ್ ಅದರಲ್ಲಿಲ್ಲ. ಆದರೆ ಹಿಟ್ ಆಗದ ಹಾಡೂ ಕೇಳಲು ತಕ್ಕದ್ದು ಎಂಬ ನಂಬಿಕೆ ಗಟ್ಟಿಯಾದದ್ದು ಆ ಸಂಕಲನದಿಂದ. ಆಮೇಲೆ ಮರುಮುದ್ರಣಗಳು, ಸಿಡಿಗಳು ಬಂದವು. 1997ರಲ್ಲಿ ‘ಆಸ್ಟಿನ್ ಪವರ್ಸ್’ ಎಂಬ ಹಾಸ್ಯ ಸಿನಿಮಾ ಹಳೆಯ ಹಿಟ್ ಹಾಡನ್ನು ಬಳಸಿ ಹೊಸ ತಲೆಮಾರಿನ ಕಿವಿಗೆ ಹಾಕಿತು. ಈಗ ಫೋನಿನಲ್ಲಿ ಹಾಡು ಹುಡುಕುವವರಿಗೆ ಆಲ್ಬಂಗಳು ಅದರ ಪಕ್ಕದಲ್ಲೇ ಸಾಲಾಗಿ ಕಾಣುತ್ತವೆ. ಕೈಚಾಚುವಷ್ಟು ಕುತೂಹಲ ಇರಬೇಕು, ಅಷ್ಟೇ.

ಹಳೆಯ ನಂಟಿನಿಂದ ಈಬರ್ಟ್ 2007ರಲ್ಲಿ ಇಲಿನಾಯ್ ರಾಜ್ಯದಲ್ಲಿ ನಡೆಸುತ್ತಿದ್ದ ತಮ್ಮ ಸಿನಿಮಾ ಉತ್ಸವಕ್ಕೆ ತಂಡವನ್ನು ಕರೆಸಿದರು. ಬಿಟ್ಟುಹೋದವರು ಮತ್ತೆ ಒಟ್ಟಿಗೆ ನಿಂತು ನುಡಿಸಿದರು. 2010ರಲ್ಲಿ ಫ್ರೀಮನ್ ತೀರಿಕೊಂಡರು. 2012ರಲ್ಲಿ ಉಳಿದವರು ‘ವೇಕ್ ಅಪ್ ವೇರ್ ಯು ಆರ್’ ಎಂಬ ಹೊಸ ಆಲ್ಬಂ ತಂದರು. ಎಡ್ ಕಿಂಗ್ 2018ರಲ್ಲಿ ನ್ಯಾಶ್‌ವಿಲ್‌ನಲ್ಲಿ ತೀರಿಕೊಂಡರು.

ಈ ತಂಡವನ್ನು ಹೊಸದಾಗಿ ಕೇಳಹೊರಟವರು ‘ವೇಕ್ ಅಪ್... ಇಟ್ಸ್ ಟುಮಾರೋ’ದಿಂದ ಶುರುಮಾಡಿ ಮೊದಲ ಆಲ್ಬಂಗೆ ಬರುವುದು ಒಳ್ಳೆಯದು. ಮೂರನೆಯದನ್ನು ಪುರುಸೊತ್ತಿದ್ದಾಗ ಕೇಳಬಹುದು, ನಾಲ್ಕನೆಯದನ್ನು ಬಿಟ್ಟರೂ ನಷ್ಟವಿಲ್ಲ. ಎರಡನೇ ಆಲ್ಬಂನಲ್ಲಿ ಊದುಬತ್ತಿ–ಪೆಪ್ಪರಮೆಂಟಿನ ಹಾಡು ಇಲ್ಲ.